ಗಂಡ-ಹೆಂಡತಿ ಒಂದೇ ಅರ್ಜಿಯಲ್ಲಿ ಪಾಪರ್ ಚೀಟಿ ಕೇಳಬಹುದಾ?

ಇಳಕಲ್_ಸೆರಗು
ನಮ್ಮದು ಇಳಕಲ್. ಎರಡು ಕೈಮಗ್ಗ, ಒಂದು ಸಣ್ಣ ಸೀರೆ ಅಂಗಡಿ. ಅಂಗಡಿಗೆ ನಮ್ಮನೆಯವರು ಬ್ಯಾಂಕ್ ಸಾಲ ತೆಗೆದಿದ್ದಾರೆ, ಜಾಮೀನು ಸಹಿ ನನ್ನದು. ಮೈಕ್ರೋಫೈನಾನ್ಸ್ ಸಾಲ ನನ್ನ ಹೆಸರಲ್ಲಿ. ಅವರು ಅಲ್ಲಿ ಇಲ್ಲಿ ಮಾಡಿದ ಕೈಗಡ ಬೇರೆ, ಅದರ ಪೂರ್ತಿ ಲೆಕ್ಕ ನನಗೂ ಗೊತ್ತಿಲ್ಲ. ಕಂತಿನ ದಿನ ಬಂತೆಂದರೆ ಮುಂಬಾಗಿಲು ಹಾಕಿಕೊಂಡು ಹಿತ್ತಲಲ್ಲಿ ಕೂರೋ ಹಾಗಾಗಿದೆ. ಅಮೆರಿಕದಲ್ಲಿರುವ ನಾದಿನಿ, ಅಲ್ಲಿ ಇಬ್ಬರೂ ಸೇರಿ ಒಂದೇ ದಿವಾಳಿ ಅರ್ಜಿ ಹಾಕ್ತಾರೆ ಅಂತಾಳೆ. ನಮ್ಮಲ್ಲೂ ಆಗುತ್ತಾ? ಮಗ್ಗ, ತಾಳಿ ಎಲ್ಲಾ ಹೋಗುತ್ತಾ? ಮನೆಯನ್ನ ಭಾವನವರ ಹೆಸರಿಗೆ ಬರೆದುಬಿಡಿ ಅಂತ ಹೇಳೋರೂ ಇದ್ದಾರೆ.

ಕುಂದಾನಗರಿ_ಕರಿಕೋಟು
ಅಕ್ಕಾ, ನಾದಿನಿ ಹೇಳಿದ್ದು ಅಲ್ಲಿಗೆ ಸರಿ, ಅಲ್ಲಿನ ಕಾಯ್ದೆಯ 302ನೇ ಸೆಕ್ಷನ್ ಅದಕ್ಕೇ ಇದೆ. ನಮ್ಮಲ್ಲಿ ದಂಪತಿಗೆ ಅಂತ ಅಂಥ ಅರ್ಜಿ ಇಲ್ಲ. 2016ರ ದಿವಾಳಿ ಸಂಹಿತೆ ಬಂದರೂ ವ್ಯಕ್ತಿಗಳ ಮಟ್ಟಿಗೆ ಅದು ಜಾರಿಯಾಗಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, ಅದೂ 2019ರ ಡಿಸೆಂಬರ್‌ನಿಂದ. ನಮ್ಮಂಥವರಿಗೆ ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಸಾಲ ಕನಿಷ್ಠ 500 ರೂಪಾಯಿ ಇರಬೇಕಂತೆ, ಈಗ ಅಷ್ಟಕ್ಕೆ ಒಂದು ಒಳ್ಳೆ ಸೀರೆಯೂ ಬರಲ್ಲ!

ಯಾರ ಸಾಲಕ್ಕೆ ಅವರ ಅರ್ಜಿ, ಜಿಲ್ಲಾ ಕೋರ್ಟಿನಲ್ಲಿ. ಕೈಗಡಕ್ಕೆ ನೀವು ಸಹಿ ಹಾಕಿಲ್ಲ ಅಂದರೆ ಅದು ನಿಮ್ಮ ತಲೆಗೆ ಬರಲ್ಲ, ಹೆಂಡತಿ ಅನ್ನೋ ಒಂದೇ ಕಾರಣಕ್ಕೆ ಯಾರೂ ನಿಮ್ಮನ್ನ ಕೇಳೋ ಹಾಗಿಲ್ಲ. ಬ್ಯಾಂಕಿನದು ಮಾತ್ರ ಬೇರೆ. ನಿಮ್ಮನೆಯವರು ದಿವಾಳಿಯಾದರೂ ಜಾಮೀನುದಾರರಾಗಿ ನೀವು ಸಿಕ್ಕಿಬೀಳ್ತೀರಿ.

ಕೈಮಗ್ಗ ಕಸುಬಿನ ಸಾಮಾನು, ಅಡವು ಇಟ್ಟಿಲ್ಲ ಅಂದರೆ ಜಪ್ತಿಗೆ ಬರಲ್ಲ. ಅಡುಗೆ ಪಾತ್ರೆ, ಹಾಸಿಗೆ, ತಾಳಿಯೂ ಅಷ್ಟೇ, ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್. ಭಾವನವರ ಹೆಸರಿಗೆ ಮನೆ ಬರೆಯೋದು ಮಾತ್ರ ಬೇಡ. ದಿವಾಳಿ ಅಂತ ಘೋಷಣೆ ಆದರೆ, ಅರ್ಜಿ ಹಾಕೋಕೆ ಹಿಂದಿನ ಎರಡು ವರ್ಷದಲ್ಲಿ ಸುಮ್ನೆ ಬರೆದುಕೊಟ್ಟ ಆಸ್ತಿಯನ್ನ ಕೋರ್ಟ್ ರದ್ದು ಮಾಡಬಹುದು. ಹತ್ತಿರದವರ ಸಾಲ ಮಾತ್ರ ಮೊದಲು ತೀರಿಸಿದರೂ ಪ್ರಶ್ನೆ ಬರುತ್ತೆ.

ಗುಮ್ಮಟದ_ಹುಡುಗ
ದಿವಾಳಿ ತೆಗೆದವರು ಅದರಿಂದ ಬಿಡುಗಡೆ ಆಗೋವರೆಗೆ ಪಂಚಾಯ್ತಿ ಎಲೆಕ್ಷನ್‌ಗೂ ನಿಲ್ಲೋ ಹಾಗಿಲ್ಲ. ನಿಮ್ಮನೆಯವರಿಗೆ ಆ ಆಸೆ ಇಲ್ಲ ಅಲ್ವಾ 🙂

ಮಲಪ್ರಭಾ_ದಂಡೆ
ತಮಾಷೆ ಸಾಕು ತಮ್ಮಾ. ಅಕ್ಕಾರೆ, ಬಾಗಿಲು ಹಾಕಿಕೊಂಡು ಕೂರಬೇಡಿ. ಮೈಕ್ರೋಫೈನಾನ್ಸ್‌ನವರು ಬೆಳಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಬರಬಾರದು, ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಬೈದರೆ, ಹೆದರಿಸಿದರೆ ಪೊಲೀಸರಿಗೆ ದೂರು ಕೊಡಿ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಇದಕ್ಕೇ ಸುಗ್ರೀವಾಜ್ಞೆ ತಂದಿತ್ತು, 10 ವರ್ಷದವರೆಗೆ ಜೈಲು ಅಂತ. ಇನ್ನೊಂದು ಮಾತು, ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರು ಪುಕ್ಕಟೆ. ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ.

ಇಳಕಲ್_ಸೆರಗು
ತುಂಬಾ ಉಪಕಾರ ಆಯ್ತು. ಆದರೆ ಮನೆ ಬ್ಯಾಂಕಿಗೆ ಅಡವು ಇದೆ, ಅದನ್ನ ಬರೆಯೋಕೆ ಮರೆತೆ.

ಕುಂದಾನಗರಿ_ಕರಿಕೋಟು
ಹಾಗಿದ್ದರೆ ದಿವಾಳಿ ಅರ್ಜಿಯಿಂದ ಮನೆ ಉಳಿಯಲ್ಲ ಅಕ್ಕಾ, ಅಡವಿನ ಆಸ್ತಿ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಇರುತ್ತೆ. ಸಾಲ ಕಟ್ಟಿ, ಇಲ್ಲಾ ಮನೆ ವಶಕ್ಕೆ ತಗೋತೀವಿ ಅನ್ನೋ ಬ್ಯಾಂಕಿನ 60 ದಿನದ ನೋಟಿಸ್ ಬಂದಿದೆಯಾ ನೋಡಿ. ಬಂದಿಲ್ಲ ಅಂದರೆ ಈ ವಾರವೇ ಇಬ್ಬರೂ ಮ್ಯಾನೇಜರ್ ಹತ್ತಿರ ಹೋಗಿ ಒಂದೇ ಸಲದ ತೀರುವಳಿ ಇಲ್ಲಾ ಕಂತು ಇಳಿಸೋದನ್ನ ಕೇಳಿ, ಲಿಖಿತದಲ್ಲೇ ಕೇಳಿ. ಹೋಗೋ ಮೊದಲು ನಿಮ್ಮನೆಯವರ ಕೈಗಡದ ಚೀಟಿ ಎಲ್ಲಾ ಹೊರಗೆ ತೆಗೆಸಿ.