ತೋಟದಲ್ಲಿ ಸಂದರ್ಶನ: ವೈರ್ ಇರುವ ಕಾಲರ್ ಮೈಕ್ ಸಾಕಾ, ವೈರ್‌ಲೆಸ್ಸೇ ಬೇಕಾ?

ಅಡಿಕೆಸಿಪ್ಪೆ: ಅಡಿಕೆ ಬೆಳೆಗಾರರ ಸಂದರ್ಶನಗಳ ವಿಡಿಯೊ ಮಾಡಬೇಕಿದೆ. ಅರ್ಧ ಜಗಲಿಯಲ್ಲಿ ಕೂತು, ಉಳಿದದ್ದು ತೋಟದಲ್ಲಿ ಓಡಾಡುತ್ತ. ಆಂಡ್ರಾಯ್ಡ್ ಫೋನು, ಟೈಪ್-ಸಿ ಮಾತ್ರ ಇದೆ. ಮುಂದೆ ಕ್ಯಾಮೆರಾಕ್ಕೂ ಆದರೆ ಒಳ್ಳೆಯದು. ಹತ್ತು ಸಾವಿರದೊಳಗೆ ಏನು ಕೊಳ್ಳಲಿ?

ತಂತಿರಾಯ: ಬೋಯಾ ಬಿವೈ-ಎಂ1. ಸಾವಿರ ರೂಪಾಯಿ ಆಸುಪಾಸು, 6 ಮೀಟರ್ ತಂತಿ. ಫೋನಿಗೂ ಕ್ಯಾಮೆರಾಕ್ಕೂ ಆಗುತ್ತೆ, ನಡುವೆ ಒಂದು ಸ್ವಿಚ್ ಇದೆ. ಫೋನಿನ ಕಡೆ ಇಟ್ಟರೆ ಫೋನಿಂದಲೇ ಕರೆಂಟ್ ತಗೊಳ್ಳುತ್ತೆ, ಕ್ಯಾಮೆರಾ ಕಡೆಗೆ ತಳ್ಳಿದರೆ ಒಳಗಿನ ಎಲ್‌ಆರ್44 ಸೆಲ್ ಬೇಕು. ಕೆಲಸ ಮುಗಿದ ಮೇಲೆ ಸ್ವಿಚ್ ಹಿಂದಕ್ಕೆ ತರದಿದ್ದರೆ ಮುಂದಿನ ಸಲಕ್ಕೆ ಸೆಲ್ ಸತ್ತಿರುತ್ತೆ. ಉಳಿದ ದುಡ್ಡಲ್ಲಿ ಟ್ರೈಪಾಡ್ ತಗೊಳ್ಳಿ.

ಗಾಳಿಪಟ: ತೋಟದೊಳಗೆ 6 ಮೀಟರ್ ತಂತಿ ಎಳೆದುಕೊಂಡು ಓಡಾಡೋಕಾಗುತ್ತಾ ಮಾರಾಯ್ರೆ? ಸೋಗೆ, ಗೊಬ್ಬರದ ಬುಟ್ಟಿ, ಪೈಪು, ಎಲ್ಲಾದರೂ ಸಿಕ್ಕಿಹಾಕಿಕೊಳ್ಳೋದೇ. ಬಟನ್ ಗಾತ್ರದ ವೈರ್‌ಲೆಸ್ ಬಂದಿವೆ. ಲಾರ್ಕ್ ಎಂ2 ಅಂತ ಒಂದಿದೆ, ಅಂಗಿಗೆ ಸಿಕ್ಕಿಸುವ ಅದರ ಟ್ರಾನ್ಸ್‌ಮಿಟರ್ 9 ಗ್ರಾಂ. ಅದು ಕಳಿಸೋ ಶಬ್ದ ಹಿಡಿಯುವ ರಿಸೀವರನ್ನು ಫೋನಿನ ಟೈಪ್-ಸಿಗೆ ಚುಚ್ಚಿದರೆ ಆಯ್ತು.

ಡೆಸಿಬಲ್: ಅಂಥ ಎಷ್ಟೋ ಬಟನ್ ಮೈಕುಗಳಲ್ಲಿ ಒಳಗೆ ರೆಕಾರ್ಡಿಂಗ್ ಇಲ್ಲ ಅನ್ನೋದನ್ನೂ ಹೇಳಿ. 2.4 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಮನುಷ್ಯನ ಮೈ ಚೆನ್ನಾಗಿಯೇ ಹೀರುತ್ತೆ. ಡಬ್ಬಿಯ ಮೇಲೆ 200 ಮೀಟರ್ ಅಂತ ಬರೆದಿದ್ದರೆ ಅದು ಬಯಲಲ್ಲಿ, ನಡುವೆ ಅಡ್ಡ ಏನೂ ಇಲ್ಲದಾಗ. ಮಾತಾಡುವವರು ಕ್ಯಾಮೆರಾಕ್ಕೆ ಬೆನ್ನು ಹಾಕಿ ಮರದ ಸಾಲಿನೊಳಗೆ ನಡೆದರೆ ಶಬ್ದ ತುಂಡಾಗಲು ಅಷ್ಟೊಂದು ದೂರ ಬೇಕಿಲ್ಲ. ತುಂಡಾದ ಮಾತು ಎಡಿಟಿಂಗ್‌ನಲ್ಲಿ ವಾಪಸ್ ಬರಲ್ಲ. ವೈರ್‌ಲೆಸ್ ಕೊಳ್ಳುವಾಗ ನಾನು ಮೊದಲು ನೋಡೋದು ಟ್ರಾನ್ಸ್‌ಮಿಟರ್‌ನೊಳಗೇ ರೆಕಾರ್ಡ್ ಆಗುತ್ತಾ ಅಂತ. ರೋಡ್ ವೈರ್‌ಲೆಸ್ ಗೋ 2, ಡಿಜೆಐ ಮೈಕ್ 2, ಎರಡರಲ್ಲೂ ಇದೆ. ಆದರೆ ಈ ಬಜೆಟ್ಟಿಗೆ ಸಿಗಲ್ಲ.

ಗಾಳಿಪಟ: ದುಡ್ಡು ಕೂಡಿಸಿ ಅದನ್ನೇ ತಗೊಳ್ಳಲಿ. ಡಿಜೆಐ ಮೈಕ್ 2ರಲ್ಲಿ 32-ಬಿಟ್ ಫ್ಲೋಟ್ ಇದೆ, ಅಂದರೆ ಮೆಲ್ಲಗಿನ, ಜೋರಿನ ಶಬ್ದ ಎರಡನ್ನೂ ಹಿಡಿಯುವ ರೆಕಾರ್ಡಿಂಗ್. ಲೆವೆಲ್ ನೋಡೋದೇ ಬೇಡ, ಎಷ್ಟು ಕೂಗಿದರೂ ಶಬ್ದ ಒಡೆಯಲ್ಲ.

ಡೆಸಿಬಲ್: ಇದು ಜಾಹೀರಾತಿನ ಮಾತು. ಆ 32-ಬಿಟ್ ಇರೋದು ಟ್ರಾನ್ಸ್‌ಮಿಟರ್ ಒಳಗೆ ಉಳಿಯುವ ಫೈಲಿನಲ್ಲಿ. ರಿಸೀವರ್‌ನಿಂದ 3.5 ಎಂಎಂ ತಂತಿಯಲ್ಲಿ ಕ್ಯಾಮೆರಾಕ್ಕೆ ಹೋಗೋದು ಮಾಮೂಲಿ ಅನಲಾಗ್ ಸಿಗ್ನಲ್. ಕ್ಯಾಮೆರಾದ ಲೆವೆಲ್ ಜಾಸ್ತಿ ಇದ್ದರೆ ಅಲ್ಲಿ ಒಡೆದೇ ಒಡೆಯುತ್ತೆ. ಇನ್ನು ಮೈಕಿನ ಕ್ಯಾಪ್ಸೂಲೇ (ಶಬ್ದ ಹಿಡಿಯುವ ಭಾಗ) ತಡೆಯಲಾರದಷ್ಟು ಜೋರು ಶಬ್ದ ಬಂದರೆ ಎಷ್ಟು ಬಿಟ್ ಇದ್ದರೂ ಪ್ರಯೋಜನ ಇಲ್ಲ.

ತಂತಿರಾಯ: ಓಡಾಡುವಾಗಲೂ ತಂತಿ ಮೈಕೇ ಸಾಕು ಸ್ವಾಮಿ, ತಂತಿಯ ಇನ್ನೊಂದು ತುದಿ ಕ್ಯಾಮೆರಾದಲ್ಲೇ ಇರಬೇಕು ಅಂತ ಯಾರು ಹೇಳಿದ್ದು? 3.5 ಎಂಎಂ ಜ್ಯಾಕ್ ಇರುವ ಹಳೇ ಫೋನೊಂದನ್ನು ಮಾತಾಡುವವರ ಜೇಬಿಗೆ ಹಾಕಿ, ಮೈಕ್ ಅದಕ್ಕೆ ಚುಚ್ಚಿ. ಏರೋಪ್ಲೇನ್ ಮೋಡ್ ಕಡ್ಡಾಯ. ಇಲ್ಲದಿದ್ದರೆ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತೆ, 2ಜಿ ಸಿಗ್ನಲ್ ಹಿಡಿದಿದ್ದರೆ ಟಕಟಕ ಸದ್ದೂ ಸೇರುತ್ತೆ. ಜಾಸ್ತಿಯಾದ ತಂತಿಯನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಅದೇ ಜೇಬಿಗೆ. ವಿಡಿಯೊ, ಆಡಿಯೊ ಎರಡೂ ಓಡುತ್ತಿರುವಾಗ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ, ಆಮೇಲೆ ಆ ಸದ್ದು ನೋಡಿ ಎರಡನ್ನೂ ಹೊಂದಿಸಬಹುದು.

ಎಡಿಟ್‌ಮೇಜು: ಒಂದೇ ಚಪ್ಪಾಳೆಗೆ ಒಂದು ಗಂಟೆ ಓಡಿಸಬೇಡಿ. ಎರಡು ಉಪಕರಣಗಳ ಗಡಿಯಾರ ಒಂದೇ ವೇಗದಲ್ಲಿ ಓಡಲ್ಲ. ಸಾಲದ್ದಕ್ಕೆ ಎಷ್ಟೋ ಫೋನುಗಳ ವಿಡಿಯೊದಲ್ಲಿ ಫ್ರೇಮ್ ರೇಟೇ ಏರಿಳಿಯುತ್ತೆ. 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಎರಡು ಮೂರು ಫ್ರೇಮ್ ಜಾರಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಕಾಲು ಗಂಟೆಗೊಮ್ಮೆ ನಿಲ್ಲಿಸಿ, ಮತ್ತೆ ಚಪ್ಪಾಳೆ ತಟ್ಟಿ. ಆಡಿಯೊ 48 ಕಿಲೋಹರ್ಟ್ಸ್‌ನಲ್ಲಿ, ಸಾಧ್ಯವಾದರೆ ವೇವ್ (ಕುಗ್ಗಿಸದ) ಫೈಲ್ ಆಗಿ. ವಿಡಿಯೊ ಫೋನಿನ ಸ್ವಂತ ಮೈಕನ್ನೂ ಬಂದ್ ಮಾಡಬೇಡಿ, ಹೊಂದಿಸಲು ಅದೇ ಬೇಕು.

ಅಡಿಕೆಸಿಪ್ಪೆ: ಜಗಲಿಯಲ್ಲಿ ಕೂತಾಗ ನೇರ ಟೈಪ್-ಸಿ ಫೋನಿಗೇ ಚುಚ್ಚಬಹುದಲ್ವಾ? ಅಡಾಪ್ಟರ್ ನೂರು ರೂಪಾಯಿಗೇ ಸಿಗ್ತಿದೆ.

ಡೆಸಿಬಲ್: ಎಲ್ಲಾ ಅಡಾಪ್ಟರ್ ಒಂದೇ ಅಲ್ಲ. ಕೆಲವು ಬರೀ ತಂತಿ, ಫೋನೇ ಟೈಪ್-ಸಿಯಲ್ಲಿ ಅನಲಾಗ್ ಶಬ್ದ ಕೊಡುವಂತಿದ್ದರೆ ಮಾತ್ರ ನಡೆಯುತ್ತವೆ. ಚಿಪ್ ಇರುವುದರಲ್ಲೂ ಕೆಲವು ಹಾಡು ಕೇಳಲಿಕ್ಕಷ್ಟೇ, ಮೈಕ್ ತಗೊಳ್ಳಲ್ಲ. ಮೈಕ್‌ಗೂ ಆಗುತ್ತೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಕೊಳ್ಳಿ. ಕೆಲವು ಫೋನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಓಟಿಜಿ (ಹೊರಗಿನ ಉಪಕರಣ ಜೋಡಿಸುವ ಸೌಲಭ್ಯ) ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ತಾನೇ ಆಫ್ ಆಗುತ್ತೆ. ಫೋನಿನ ಕ್ಯಾಮೆರಾ ಆ್ಯಪ್ ಹೊರಗಿನ ಮೈಕನ್ನು ಕಡೆಗಣಿಸಿದರೆ ಓಪನ್ ಕ್ಯಾಮೆರಾ ಅನ್ನೋ ಆ್ಯಪ್ ಹಾಕಿಕೊಂಡು ಅದರಲ್ಲಿ ಆಡಿಯೊ ಮೂಲವನ್ನು ಹೊರಗಿನ ಮೈಕ್‌ಗೆ ಬದಲಿಸಿ. ಪರೀಕ್ಷೆ ಸುಲಭ: ರೆಕಾರ್ಡ್ ಹಾಕಿ ಕಾಲರ್ ಮೈಕಿನ ತಲೆಯನ್ನು ಉಗುರಿಂದ ಕೆರೆಯಿರಿ, ಆಮೇಲೆ ಫೋನಿನ ಕೆಳತುದಿ ಕೆರೆಯಿರಿ. ಯಾವುದು ಕಿವಿ ಒಡೆಯುವಂತೆ ಬಂತೋ ಅದೇ ಓಡುತ್ತಿರುವ ಮೈಕು.

ಶಬ್ದಮಣಿ: ಇಷ್ಟೊತ್ತು ಯಾವ ಮೈಕ್ ಅಂತಲೇ ಜಗಳ, ಎಲ್ಲಿ ಸಿಕ್ಕಿಸಬೇಕು ಅಂತ ಒಬ್ಬರೂ ಹೇಳಲಿಲ್ಲ. ಜಾಗ ಸರಿಯಿದ್ದರೆ ಸಾವಿರದ ಮೈಕೂ ಸಾಕು.

ಗಲ್ಲದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ. ಬಾಯಿಂದ 40 ಸೆಂ.ಮೀ. ದೂರ ಇದ್ದದ್ದನ್ನು 20ಕ್ಕೆ ತಂದರೆ ಮಾತು ಸುಮಾರು 6 ಡೆಸಿಬಲ್ ಏರುತ್ತೆ, ಜೀರುಂಡೆ ಸದ್ದು ಇದ್ದಷ್ಟೇ ಇರುತ್ತೆ. ಹಾಗಂತ ಗಂಟಲಿಗೆ ಅಂಟಿಸಿದರೆ ಗಲ್ಲದ ಮರೆಗೆ ಸಿಕ್ಕಿ ಮಾತು ಮಂಕಾಗುತ್ತೆ. ಎಲ್ಲ ದಿಕ್ಕಿನ ಶಬ್ದವನ್ನೂ ಹಿಡಿಯುವ ಓಮ್ನಿ ಮೈಕನ್ನೇ ತಗೊಳ್ಳಿ. ಮುಖ್ಯವಾಗಿ ಮುಂದಿನ ಶಬ್ದವನ್ನೇ ಹಿಡಿಯುವ ಕಾರ್ಡಿಯಾಯ್ಡ್ ಕಾಲರ್ ಮೈಕ್ ಸುತ್ತಲಿನ ಸದ್ದು ಕಡಿಮೆ ಮಾಡುತ್ತೆ ಅಂತ ಆಸೆ ಹುಟ್ಟುತ್ತೆ, ಆದರೆ ತಲೆ ತಿರುಗಿಸಿದರೆ ಮಾತು ತಪ್ಪುತ್ತೆ, ಗಾಳಿ, ಬಟ್ಟೆಯ ಉಜ್ಜಾಟ ಎಲ್ಲವೂ ಅದರಲ್ಲಿ ಜಾಸ್ತಿ. ಓಮ್ನಿಯನ್ನು ತಲೆಕೆಳಗೆ ಸಿಕ್ಕಿಸಿದರೂ ನಡೆಯುತ್ತೆ, ಉಸಿರು ಬಡಿಯೋದು ಕಡಿಮೆಯಾಗುತ್ತೆ.

ಹಿರಿಯರು ಅಂಗಿ ಹಾಕದೆ ಹೆಗಲ ಮೇಲೆ ಟವೆಲ್ ಮಾತ್ರ ಹೊದ್ದಿದ್ದರೆ ಟವೆಲ್‌ಗೆ ಸಿಕ್ಕಿಸಬೇಡಿ, ಅದು ಜಾರುತ್ತಲೇ ಇರುತ್ತೆ. ಎದೆಯ ಬೆವರು ಒರೆಸಿ, ಮೆಡಿಕಲ್ ಶಾಪಿನ ಮೈಕ್ರೋಪೋರ್ ಟೇಪಿನಿಂದ ತಂತಿಯನ್ನು ಮೈಗೆ ಅಂಟಿಸಿ. ಮೈಕಿನ ಬಾಯಿ ಮುಚ್ಚಬಾರದು, ಅದರ ಕೆಳಗೇ ತಂತಿಯನ್ನು ಒಂದು ಸುತ್ತು ಬಳಸಿ ಅಂಟಿಸಿದರೆ ಎಳೆತ ಮೈಕಿಗೆ ತಲುಪಲ್ಲ. ಸೀರೆಯಾದರೆ ಕರಿಮಣಿ ಸರ ತಾಗದ ಕಡೆ ರವಿಕೆಯ ಅಂಚಿಗೆ ಹಾಕಿ. ರೇಷ್ಮೆ, ನೈಲಾನ್ ಸೆರಗು ಅಲುಗಿದಷ್ಟೂ ಸರಸರ.

ಜೊತೆಗೆ ಬರುವ ಸ್ಪಂಜು ಉಸಿರಿಗೆ ಮಾತ್ರ. ತೋಟದ ಗಾಳಿಗೆ ಮೈಕಿನ ಮೇಲೆ ರೋಮದ ಟೋಪಿ ಬೇಕು, ಬೇರೆಯಾಗಿ ಕೊಳ್ಳಿ. ಪಂಪ್‌ಸೆಟ್ ಓಡುತ್ತಿದ್ದರೆ ನಿಲ್ಲಿಸಲು ಕೇಳಿ, ಯಾರೂ ಇಲ್ಲ ಅನ್ನಲ್ಲ.

ಅಡಿಕೆಸಿಪ್ಪೆ: ಹಾಗಾದರೆ ತಂತಿ ಮೈಕು, ರೋಮದ ಟೋಪಿ, ಜೇಬಲ್ಲಿ ಹಳೇ ಫೋನು. ಕ್ಯಾಮೆರಾಕ್ಕೆ ಹಾಕುವಾಗ ಇನ್ನೇನಾದರೂ ನೋಡಬೇಕಾ?

ಎಡಿಟ್‌ಮೇಜು: ಸ್ವಿಚ್ ಕ್ಯಾಮೆರಾ ಕಡೆ ಇರಲಿ. ಸ್ವಿಚ್ ಇಲ್ಲದ, ಫೋನಿಗೆಂದೇ ಮಾಡಿದ ನಾಲ್ಕು ಭಾಗದ ಪಿನ್ನಿನ ಮೈಕ್ ಆದರೆ ಕ್ಯಾಮೆರಾದಲ್ಲಿ ಶಬ್ದ ಬರಲ್ಲ, ಮೂರು ಭಾಗದ ಪಿನ್ನಿಗೆ ಬದಲಿಸುವ ಅಡಾಪ್ಟರ್ ಬೇಕು. ಶಬ್ದದ ಮಟ್ಟವನ್ನು ಕ್ಯಾಮೆರಾವೇ ಏರಿಳಿಸುವ ಆಟೊ ಲೆವೆಲ್ ಆಫ್ ಮಾಡಿ. ಇಲ್ಲದಿದ್ದರೆ ಮಾತು ನಿಂತಾಗೆಲ್ಲ ಜೀರುಂಡೆ ಮೇಲೇಳುತ್ತೆ. ಜೋರು ಮಾತಿಗೆ ಕ್ಯಾಮೆರಾದ ಶಬ್ದದ ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರ ಬರಲಿ. ಒಂದೇ ಕಿವಿಯಲ್ಲಿ ಕೇಳಿಸಿದರೆ ಮೈಕ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ, ಎಡಿಟಿಂಗ್‌ನಲ್ಲಿ ಎಡದ ಚಾನೆಲ್ಲನ್ನು ಬಲಕ್ಕೂ ತುಂಬಿದರೆ ಆಯ್ತು.

ಗಾಳಿಪಟ: ಆರು ತಿಂಗಳಲ್ಲಿ ವೈರ್‌ಲೆಸ್ ಕೇಳ್ಕೊಂಡು ಇಲ್ಲಿಗೇ ಬರ್ತೀರಿ, ನೋಡ್ತಿರಿ.

ತಂತಿರಾಯ: ಬರಲಿ. ಒಳಗೆ ರೆಕಾರ್ಡ್ ಆಗುವುದನ್ನೇ ತಗೊಳ್ಳಲಿ, ಟ್ರಾನ್ಸ್‌ಮಿಟರ್‌ಗೆ 3.5 ಎಂಎಂ ಕಿಂಡಿ ಇರೋದನ್ನೂ ನೋಡಲಿ. ಇದೇ ಬೋಯಾ ಅದಕ್ಕೂ ಚುಚ್ಚಬಹುದು.