ಗುಜರಿಯಿಂದ ತಂದ ಟು-ಇನ್-ವನ್: ಕರೆಂಟಿನಲ್ಲಿ ಗುಂಯ್ ಸದ್ದು, ಮೀಡಿಯಂ ವೇವ್‌ನಲ್ಲಿ ಟಕ್ ಟಕ್

ತೋಟದಮನೆ, ಸಿದ್ದಾಪುರ

ಕುಶಾಲನಗರದ ಗುಜರಿ ಅಂಗಡಿಯೊಂದರಲ್ಲಿ 400 ರೂಪಾಯಿಗೆ ಹಳೆಯ ಟು-ಇನ್-ವನ್ (ರೇಡಿಯೊ, ಕ್ಯಾಸೆಟ್ ಎರಡೂ ಇರುವ ಸೆಟ್) ಸಿಕ್ಕಿತು. ಒಂದೇ ಸ್ಪೀಕರ್, ಎಫ್‌ಎಂ, ಮೀಡಿಯಂ ವೇವ್, ಶಾರ್ಟ್ ವೇವ್ ಮೂರೂ ಇವೆ. ಆರು ದೊಡ್ಡ ಸೆಲ್‌ಗಳಲ್ಲೂ ನಡೆಯುತ್ತದೆ, ಕರೆಂಟಿನಲ್ಲೂ ನಡೆಯುತ್ತದೆ. ಮಾಡೆಲ್ ಚೀಟಿ ಕಿತ್ತುಹೋಗಿರುವುದರಿಂದ ಸರ್ಕ್ಯೂಟ್ ನಕ್ಷೆ ಹುಡುಕುವ ದಾರಿ ಇಲ್ಲ.

ಪ್ಲಗ್ ಹಾಕಿದ ಕ್ಷಣದಿಂದ ದಪ್ಪನೆಯ ಗುಂಯ್ ಸದ್ದು. ಮಡಿಕೇರಿ ಆಕಾಶವಾಣಿ 103.1ರಲ್ಲಿ ಚೆನ್ನಾಗಿಯೇ ಸಿಗುತ್ತದೆ, ಆದರೆ ಓದುವವರ ಬೆನ್ನ ಹಿಂದೆ ಜೇನುಪೆಟ್ಟಿಗೆ ಇಟ್ಟ ಹಾಗೆ ಕೇಳುತ್ತದೆ. ಮೀಡಿಯಂ ವೇವ್‌ಗೆ ಬಂದರೆ ಗುಂಯ್ ಜೊತೆಗೆ ಟಕ್, ಟಕ್ ಎಂದು ಒಂದೇ ಲಯದ ಇನ್ನೊಂದು ಸದ್ದು. ಕ್ಯಾಸೆಟ್ ಗುಂಡಿ ಒತ್ತಿದಾಗ ಮೋಟಾರ್ ತಿರುಗುವುದು ಕೇಳಿಸುತ್ತದೆ, ಚಕ್ರ ಅಲುಗುವುದಿಲ್ಲ. ವಾಲ್ಯೂಮ್ ತಿರುಗಿಸಿದರೆ ಕರಕರ.

ನನ್ನ ಬಳಿ ಸಾಧಾರಣ ಮಲ್ಟಿಮೀಟರ್, 25 ವಾಟ್ ಸೋಲ್ಡರಿಂಗ್ ಐರನ್ ಇವೆ. ಪೇಟೆಯ ರಿಪೇರಿಯವರು ಒಳಗೂ ನೋಡದೆ, ‘ಇದನ್ನು ಬಿಸಾಡಿ ಬ್ಲೂಟೂತ್ ಸ್ಪೀಕರ್ ತೆಗೆದುಕೊಳ್ಳಿ’ ಎಂದರು. ಮನೆಯಲ್ಲಿ ಅಜ್ಜನ ಕಾಲದ ವಾಲಗದ ಕ್ಯಾಸೆಟ್‌ಗಳು ಪೆಟ್ಟಿಗೆ ತುಂಬ ಇವೆ. ಅವನ್ನು ಬ್ಲೂಟೂತ್‌ಗೆ ಎಲ್ಲಿಂದ ತುರುಕಲಿ?

ಸೀರೀಸ್ ಬಲ್ಬ್, ಕುಶಾಲನಗರ

ಸ್ಕ್ರೂ ಬಿಚ್ಚುವ ಮೊದಲು ಎರಡು ವಿಷಯ ನೋಡಿ ಹೇಳಿ. ಸೆಲ್ ಹಾಕಿ ನುಡಿಸಿದಾಗಲೂ ಗುಂಯ್ ಇದೆಯೇ? ವಾಲ್ಯೂಮನ್ನು ಪೂರ್ತಿ ಇಳಿಸಿದಾಗ ಅದು ಹೋಗುತ್ತದೆಯೇ?

ಸೆಲ್‌ನಲ್ಲಿ ಪರೀಕ್ಷಿಸುವಾಗ ವಯರನ್ನು ಗೋಡೆಯಿಂದ ಕಿತ್ತರೆ ಸಾಲದು, ಸೆಟ್ಟಿನ ಹಿಂಭಾಗದಿಂದಲೂ ಕೀಳಬೇಕು. ಇಂತಹ ಬಹಳಷ್ಟು ಸೆಟ್‌ಗಳಲ್ಲಿ ವಯರ್ ಚುಚ್ಚಿದಾಗ ಸೆಲ್‌ನ ದಾರಿಯನ್ನು ಕತ್ತರಿಸುವ ಪುಟ್ಟ ಸ್ವಿಚ್ ಆ ಸಾಕೆಟ್ಟಿನೊಳಗೇ ಇರುತ್ತದೆ. ಇದು ತಿಳಿಯದೆ ‘ಸೆಲ್‌ನಲ್ಲಿ ಸತ್ತಿದೆ’ ಎಂದುಕೊಂಡು ಗುಜರಿಗೆ ಹಾಕಿದವರು ಎಷ್ಟೋ ಜನ.

ಇನ್ನು ಮುಂದೆ ಈ ಸೆಟ್ಟನ್ನು ನೇರವಾಗಿ ಕರೆಂಟಿಗೆ ಹಾಕಬೇಡಿ, ಸೀರೀಸ್ ಬಲ್ಬ್ ಮೂಲಕ ಹಾಕಿ. ಫೇಸ್ ವಯರಿನ ನಡುವೆ ಒಂದು ಹೋಲ್ಡರ್, ಅದರಲ್ಲಿ 60 ವಾಟ್‌ನ ತಂತಿ ಬಲ್ಬ್, ಅಷ್ಟೇ. ಒಳಗೆ ಟ್ರಾನ್ಸ್‌ಫಾರ್ಮರ್ ಶಾರ್ಟ್ ಆಗಿದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಸರಿಯಿದ್ದರೆ ಬಲ್ಬ್ ಉರಿದೂ ಉರಿಯದಂತೆ ಇರುತ್ತದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ತಂತಿ ಬಲ್ಬ್ ಎಲ್ಲಿಯೂ ಸಿಗದಿದ್ದರೆ ಕೋಳಿಮರಿ ಸಾಕುವವರನ್ನು ಕೇಳಿ, ಶಾಖಕ್ಕೆಂದು ಇಟ್ಟುಕೊಂಡಿರುತ್ತಾರೆ.

ತೋಟದಮನೆ, ಸಿದ್ದಾಪುರ

ಸೆಲ್‌ನಲ್ಲಿ ಗುಂಯ್ ಪೂರ್ತಿ ಮಾಯ. ಕರೆಂಟಿನಲ್ಲಿ ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹಾಗೆಯೇ ಇದೆ. ಆದರೆ ಮೀಡಿಯಂ ವೇವ್‌ನ ಟಕ್ ಟಕ್ ಮಾತ್ರ ಸೆಲ್‌ನಲ್ಲೂ ಹೋಗುವುದಿಲ್ಲ. ಸೀರೀಸ್ ಬಲ್ಬ್ ಹಾಕಿ ನೋಡಿದೆ, ತಂತಿ ಮಬ್ಬಾಗಿ ಕೆಂಪಗಾಗುತ್ತದೆ.

ಹಳೆ ಡಬ್ಬ, ಗೋಣಿಕೊಪ್ಪ

ಇಷ್ಟು ಹಳೆಯ ಸೆಟ್ ಎಂದ ಮೇಲೆ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೆಲ್ಲ (ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಪುಟ್ಟ ಉರುಳೆಗಳು, ವಯಸ್ಸಾದಂತೆ ಒಣಗುತ್ತವೆ) ಒಟ್ಟಿಗೆ ಬದಲಿಸಿಬಿಡಿ. ಗುಂಯ್, ಟಕ್ ಟಕ್, ಕರಕರ ಎಲ್ಲವೂ ಒಂದೇ ಏಟಿಗೆ ಮುಗಿಯುತ್ತದೆ.

ನಿವೃತ್ತ ಸಿಗ್ನಲ್ಸ್, ಮಡಿಕೇರಿ

ಮೇಲಿನ ಸಲಹೆ ನನಗೆ ಒಪ್ಪಿಗೆಯಿಲ್ಲ. ಆ ಕಾಲದ ಕಂದು ಬೋರ್ಡುಗಳಲ್ಲಿ ತಾಮ್ರದ ಹಾಳೆ ಬಿಸಿಗೆ ಬೇಗ ಮೇಲೇಳುತ್ತದೆ. ಇಪ್ಪತ್ತು ಕಡೆ ಬೆಸುಗೆ ಬಿಚ್ಚಿದರೆ ಹಳೆಯ ಎರಡು ದೋಷಗಳ ಜಾಗದಲ್ಲಿ ಹೊಸ ನಾಲ್ಕು ಬರುತ್ತವೆ. ಸೆಲ್ ಹಾಕಿದಾಗ ಗುಂಯ್ ಹೋಯಿತು ಎಂಬ ಒಂದೇ ಮಾತು ಅರ್ಧ ಬೋರ್ಡನ್ನು ಸಂಶಯದಿಂದ ಬಿಡಿಸಿದೆ. ಮತ್ತೆ ಅದನ್ನೆಲ್ಲ ಏಕೆ ಕೆದಕಬೇಕು?

ಇನ್ನೊಂದು ಮಾತು. ಬೋರ್ಡಿನ ಮೇಲೆ ಚೌಕಾಕಾರದ ತಗಡಿನ ಡಬ್ಬಿಗಳು, ಅವುಗಳ ತಲೆಯಲ್ಲಿ ಹಳದಿ, ಬಿಳಿ, ಕಪ್ಪು, ಕೆಂಪು ಬಣ್ಣದ ತಿರುಪುಗಳು ಕಾಣುತ್ತವೆ. ‘ಸಡಿಲವಾಗಿದೆಯೇನೋ’ ಎಂದು ಅವನ್ನು ಬಿಗಿಮಾಡಬೇಡಿ. ರೇಡಿಯೊದ ಶ್ರುತಿ ಇರುವುದೇ ಅವುಗಳಲ್ಲಿ.

ಟಕ್ ಟಕ್ ಬೇರೆಯದೇ ಸಂಗತಿ ಎಂದು ನನ್ನ ಗುಮಾನಿ. ಮೊದಲು ಗುಂಯ್ ಮುಗಿಸಿ.

ಸೀರೀಸ್ ಬಲ್ಬ್, ಕುಶಾಲನಗರ

ಹೌದು ಸರ್, ನಾನೂ ಅದನ್ನೇ ಹೇಳಬೇಕೆಂದಿದ್ದೆ.

ತೋಟದಮನೆಯವರೇ, ಈಗ ಬಿಚ್ಚಿ. ಟ್ರಾನ್ಸ್‌ಫಾರ್ಮರಿನ ವಯರುಗಳು ಬೋರ್ಡಿಗೆ ಬಂದು ಸೇರುವಲ್ಲಿ ನಾಲ್ಕು ಕಪ್ಪು ಡಯೋಡ್, ಪಕ್ಕದಲ್ಲಿ ಎಲ್ಲಕ್ಕಿಂತ ದಪ್ಪನೆಯ ಕೆಪಾಸಿಟರ್ ಇರುತ್ತದೆ. ಡಯೋಡುಗಳು ಎಸಿಯನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ, ಕೆಪಾಸಿಟರ್ ಅದರ ಏರಿಳಿತವನ್ನು ತುಂಬುತ್ತದೆ. ಅದು ಒಣಗಿದರೆ ಏರಿಳಿತವೆಲ್ಲ ಸ್ಪೀಕರಿಗೆ ಬರುತ್ತದೆ.

ಸೆಟ್ ನಡೆಯುತ್ತಿರುವಾಗ ಆ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಡಿಸಿ ಅಳೆಯಿರಿ. ಆಮೇಲೆ ಎಸಿಗೆ ತಿರುಗಿಸಿ ಅಳೆಯಿರಿ; ಅಲ್ಲಿ ಬರುವುದು ಏರಿಳಿತದ ಅಂದಾಜು. ಅಗ್ಗದ ಮೀಟರ್‌ಗಳು ಎಸಿ ಅಳೆಯುವಾಗ ಡಿಸಿಯನ್ನೂ ಸೇರಿಸಿ ಸುಳ್ಳು ಹೇಳುತ್ತವೆ. ಆದ್ದರಿಂದ ಕೆಂಪು ಕಡ್ಡಿಗೆ 1 ಮೈಕ್ರೋಫ್ಯಾರಡ್‌ನ, ಪ್ಲಸ್ ಮೈನಸ್ ಇಲ್ಲದ ಕೆಪಾಸಿಟರನ್ನು ಸೀರೀಸ್‌ನಲ್ಲಿ ಕಟ್ಟಿಕೊಳ್ಳಿ. ಟ್ರಾನ್ಸ್‌ಫಾರ್ಮರಿನ ಇನ್ನೊಂದು ಬದಿಯಲ್ಲಿ 230 ವೋಲ್ಟ್ ಇದೆ, ಕೈ ಅತ್ತ ಹೋಗದಿರಲಿ.

ತೋಟದಮನೆ, ಸಿದ್ದಾಪುರ

ದಪ್ಪ ಕೆಪಾಸಿಟರ್ 2200 ಮೈಕ್ರೋಫ್ಯಾರಡ್, 16 ವೋಲ್ಟ್. ತಲೆ ಸ್ವಲ್ಪ ಉಬ್ಬಿದೆ. ಬುಡದಲ್ಲಿ ಅಂಟು ಹಾಕಿದ್ದಾರೆ. ಅದು ಕಂದು ಬಣ್ಣಕ್ಕೆ ತಿರುಗಿ, ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ. ಪಕ್ಕದ ಡಯೋಡಿನ ಕಾಲಿಗೂ ಅದು ಹರಿದಿದೆ, ಆ ಕಾಲು ಹಸಿರುಗಟ್ಟಿದೆ. ಡಿಸಿ 8 ವೋಲ್ಟಿನ ಆಸುಪಾಸು.

ಸೀರೀಸ್ ಬಲ್ಬ್, ಕುಶಾಲನಗರ

ಕೆಪಾಸಿಟರ್ ಬದಲಿಸಿ. ಅಷ್ಟೇ ಮೈಕ್ರೋಫ್ಯಾರಡ್, ಆದರೆ 16ರ ಬದಲು 25 ವೋಲ್ಟಿನದು. 9 ವೋಲ್ಟ್ ಎಸಿ ಕೊಡುವ ಟ್ರಾನ್ಸ್‌ಫಾರ್ಮರ್ ಡಯೋಡ್ ದಾಟಿ ಬಂದಾಗ, ಲೋಡ್ ಕಡಿಮೆಯಿದ್ದರೆ, 11 ವೋಲ್ಟ್ ದಾಟುತ್ತದೆ. ತೋಟದ ಲೈನಿನಲ್ಲಿ ರಾತ್ರಿ ವೋಲ್ಟೇಜ್ ಏರಿದರೆ ಇನ್ನೂ ಮೇಲೆ ಹೋಗುತ್ತದೆ. ಕಂಪನಿಯವರು ಇಟ್ಟಿದ್ದ 16 ತಪ್ಪಲ್ಲ, ಆದರೆ ನಮ್ಮ ಲೈನಿಗೆ 25 ಇದ್ದರೆ ನಿಶ್ಚಿಂತೆ. ಮೈನಸ್ ಪಟ್ಟಿ ಎತ್ತ ಇತ್ತು ಎಂದು ಬಿಚ್ಚುವ ಮೊದಲೇ ಫೋಟೊ ತೆಗೆದಿಡಿ.

ಆ ಕಂದು ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಹೊಸದಿದ್ದಾಗ ಅದು ನಿರುಪದ್ರವಿ. ಹಳೆಯದಾಗಿ ಕಪ್ಪಾದ ಮೇಲೆ ತೇವ ಹೀರಿ ಲೋಹವನ್ನು ತಿನ್ನುತ್ತದೆ, ಕೆಲವೊಮ್ಮೆ ಕರೆಂಟನ್ನೂ ಹರಿಸುತ್ತದೆ. ನಮ್ಮ ಮಳೆಗಾಲದಲ್ಲಿ ಕೇಳಬೇಕೆ?

ಹಸಿರುಗಟ್ಟಿದ ಡಯೋಡನ್ನು ಬೋರ್ಡಿನಲ್ಲಿ ಇರುವಂತೆಯೇ ಅಳೆದು ‘ಸರಿಯಿದೆ’ ಎಂದು ಬಿಡಬೇಡಿ. ಈ ನಾಲ್ಕು ಡಯೋಡುಗಳ ಜೋಡಣೆಯಲ್ಲಿ (ಬ್ರಿಡ್ಜ್) ಒಂದು ಡಯೋಡ್ ಕಡಿದುಹೋಗಿದ್ದರೂ ಮೀಟರಿನ ಕರೆಂಟು ಟ್ರಾನ್ಸ್‌ಫಾರ್ಮರಿನ ಸುರುಳಿಯ ಮೂಲಕ ಸುತ್ತಿ, ಪಕ್ಕದ ಡಯೋಡಿನಿಂದ ಬಂದು, ಸರಿಯಿರುವ ಡಯೋಡಿನಂತೆಯೇ 0.6 ವೋಲ್ಟ್ ತೋರಿಸುತ್ತದೆ. ಒಂದು ಕಾಲು ಬಿಡಿಸಿ ಮೇಲೆತ್ತಿ ಅಳೆದರೆ ಮಾತ್ರ ನಿಜ ತಿಳಿಯುತ್ತದೆ.

ತೋಟದಮನೆ, ಸಿದ್ದಾಪುರ

ನೀವು ಹೇಳಿದಂತೆಯೇ ಆಯಿತು. ಕೆಪಾಸಿಟರ್ ಬದಲಿಸಿದಾಗ ಗುಂಯ್ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹಸಿರು ಡಯೋಡ್ ಬೋರ್ಡಿನಲ್ಲಿ 0.6 ತೋರಿಸುತ್ತಿತ್ತು. ಕಾಲು ಎತ್ತಿದೆ, ಎರಡೂ ದಿಕ್ಕಿನಲ್ಲಿ ಏನೂ ಇಲ್ಲ. ನಾಲ್ಕೂ ಕಡೆ ಹೊಸ 1ಎನ್4007 ಡಯೋಡ್ ಹಾಕಿದೆ. ಈಗ ಡಿಸಿ 11ರ ಹತ್ತಿರ, 103.1 ಸ್ವಚ್ಛವಾಗಿ ಬರುತ್ತಿದೆ.

ಟಕ್ ಟಕ್ ಹಾಗೆಯೇ ಇದೆ. ಬೆಂಗಳೂರು 612 ರಾತ್ರಿ ಸಿಗುತ್ತದೆ, ಆದರೆ ವಾರ್ತೆಯ ಪ್ರತಿ ಸಾಲಿಗೂ ಒಂದು ಟಕ್. ಎಫ್‌ಎಂನಲ್ಲಿ ಇಲ್ಲವೇ ಇಲ್ಲ.

ಹಳೆ ಡಬ್ಬ, ಗೋಣಿಕೊಪ್ಪ

ಮೀಡಿಯಂ ವೇವ್‌ನ ಕಾಯಿಲ್ ಅಥವಾ ಬ್ಯಾಂಡ್ ಸ್ವಿಚ್ ಇರಬೇಕು. ಬ್ಯಾಂಡ್ ಸ್ವಿಚ್ಚಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ಅತ್ತಿತ್ತ ಎಳೆಯಿರಿ.

ನಿವೃತ್ತ ಸಿಗ್ನಲ್ಸ್, ಮಡಿಕೇರಿ

ಸ್ವಿಚ್ ಕೊಳೆಯಾಗಿದ್ದರೆ ಸದ್ದು ಮನಬಂದಂತೆ ಬರುತ್ತದೆ, ಲಯ ಹಿಡಿದು ಬರುವುದಿಲ್ಲ. ಕೈಗಡಿಯಾರ ನೋಡಿ ಎಣಿಸಿ: ಸೆಕೆಂಡಿಗೊಂದು, ಅಥವಾ ಅದಕ್ಕಿಂತ ತುಸು ನಿಧಾನವಾಗಿ ಬರುತ್ತಿದೆಯೇ? ನಿಮ್ಮ ತೋಟದ ಸುತ್ತ, ಇಲ್ಲವೇ ಪಕ್ಕದ ತೋಟಕ್ಕೆ, ಆನೆಗೆಂದು ಸೋಲಾರ್ ಬೇಲಿ ಇದೆಯೇ?

ಬೇಲಿಯ ಯಂತ್ರ ಕರೆಂಟನ್ನು ಸತತವಾಗಿ ಬಿಡುವುದಿಲ್ಲ. ಸಾವಿರಾರು ವೋಲ್ಟಿನ, ಅತಿ ಚಿಕ್ಕ ಅವಧಿಯ ಒಂದು ಏಟು ಕೊಡುತ್ತದೆ, ಕನಿಷ್ಠ ಒಂದು ಸೆಕೆಂಡು ಸುಮ್ಮನಿರುತ್ತದೆ, ಮತ್ತೆ ಕೊಡುತ್ತದೆ. ತಗಲಿದ ಪ್ರಾಣಿಗೆ ಬಿಡಿಸಿಕೊಂಡು ಹಿಂದೆ ಸರಿಯಲು ಆ ಬಿಡುವು. ತಂತಿ ಸರಿಯಿದ್ದರೆ ರೇಡಿಯೊಗೆ ಹೆಚ್ಚು ತೊಂದರೆಯಿಲ್ಲ. ಎಲ್ಲಿಯಾದರೂ ಕಿಡಿ ಹಾರುತ್ತಿದ್ದರೆ, ಅಂದರೆ ಇನ್ಸುಲೇಟರ್ ಒಡೆದಿದ್ದರೆ, ಗಂಟು ಸಡಿಲವಾಗಿದ್ದರೆ, ಹಸಿ ಗಿಡ ತಾಗುತ್ತಿದ್ದರೆ, ಆ ಕಿಡಿಯೇ ಒಂದು ಪುಟ್ಟ ಪ್ರಸಾರ ಕೇಂದ್ರ. ಕಿಲೋಮೀಟರ್‌ಗಟ್ಟಲೆ ಉದ್ದದ ಬೇಲಿ ಅದಕ್ಕೆ ಏರಿಯಲ್. ಅದರ ಸದ್ದು ಮೀಡಿಯಂ ವೇವ್‌ನಲ್ಲಿ ಜೋರು. 100 ಮೆಗಾಹರ್ಟ್ಸ್ ಕಡೆಗೆ ಹೋಗುವಷ್ಟರಲ್ಲಿ ಕ್ಷೀಣಿಸುತ್ತದೆ, ಉಳಿದದ್ದನ್ನು ಎಫ್‌ಎಂ ವಿಧಾನವೇ ಬಹುಪಾಲು ಕತ್ತರಿಸುತ್ತದೆ.

ಪರೀಕ್ಷೆ ಸುಲಭ. ಸೆಲ್ ಹಾಕಿ, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಸೆಟ್ಟನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿ. ಮೀಡಿಯಂ ವೇವ್‌ಗೆ ಏರಿಯಲ್ ಆಗಿರುವುದು ಒಳಗೆ ಅಡ್ಡ ಮಲಗಿರುವ ಕಪ್ಪು ಫೆರೈಟ್ ಕಡ್ಡಿ, ಮೇಲಕ್ಕೆ ಎಳೆಯುವ ಸ್ಟೀಲ್ ಕಡ್ಡಿಯಲ್ಲ. ಆ ಕಡ್ಡಿಯ ತುದಿ ಸದ್ದಿನ ಮೂಲಕ್ಕೆ ನೇರವಾದಾಗ ಟಕ್ ಟಕ್ ಹೆಚ್ಚುಕಡಿಮೆ ಅಡಗುತ್ತದೆ. ಎರಡು ಬೇರೆ ಜಾಗಗಳಲ್ಲಿ ನಿಂತು ನೋಡಿದರೆ ಎತ್ತ ಹುಡುಕಬೇಕೆಂದು ಅಂದಾಜಾಗುತ್ತದೆ. ಉದ್ದ ತಂತಿಯಾದ್ದರಿಂದ ದಿಕ್ಕು ಕರಾರುವಾಕ್ಕಾಗಿ ಸಿಗದಿರಬಹುದು. ಆಗ ಬೇಲಿಯ ಗುಂಟ, ತಂತಿಯಿಂದ ದೂರ ಉಳಿದು ನಡೆಯಿರಿ. ಸದ್ದು ಗರಿಷ್ಠವಾಗುವ ಕಡೆ ನಿಂತು ಮುಸ್ಸಂಜೆ ಹೊತ್ತಿನಲ್ಲಿ ನೋಡಿದರೆ ಕಿಡಿ ಕಣ್ಣಿಗೇ ಬೀಳುತ್ತದೆ. ಆನೆ ಓಡಾಡುವ ಕಡೆಯಾದರೆ ಒಬ್ಬರೇ ಹೋಗಬೇಡಿ, ಬೇಲಿ ಮುಟ್ಟಲೂ ಬೇಡಿ.

ತೋಟದಮನೆ, ಸಿದ್ದಾಪುರ

ಸರ್, ನಿಮ್ಮ ಗುಮಾನಿ ನಿಜ! ಮನೆಯಿಂದ ಕೆಳಗಿನ ಕೆರೆಯ ಕಡೆ ಹೋದಂತೆ ಸದ್ದು ಜೋರಾಯಿತು. ಪಕ್ಕದ ತೋಟದ ಬೇಲಿಗೆ ಲಂಟಾನ ಹಬ್ಬಿ ತಂತಿಯ ಮೇಲೆ ಒರಗಿದೆ. ಅಲ್ಲೇ ಒಂದು ಕಂಬದ ಇನ್ಸುಲೇಟರ್ ಸೀಳಿದೆ. ತಂತಿಯಿಂದ ಕಂಬದ ಮೊಳೆಗೆ ನೀಲಿ ಕಿಡಿ ಚಿಟ್ ಎಂದು ಹಾರುತ್ತದೆ, ಅದೇ ಕ್ಷಣಕ್ಕೆ ಕೈಯಲ್ಲಿರುವ ರೇಡಿಯೊ ಟಕ್ ಎನ್ನುತ್ತದೆ. ತೋಟದವರಿಗೆ ಹೇಳಿದೆವು. ಅವರು ಯಂತ್ರ ಆರಿಸಿ, ಗಿಡ ಸವರಿ, ಇನ್ಸುಲೇಟರ್ ಬದಲಿಸಿದರು. ಬೇಲಿಯ ಕೊನೆಯಲ್ಲಿ ವೋಲ್ಟೇಜ್ ಬೀಳುತ್ತಿದ್ದುದು ಏಕೆಂದು ಅವರೂ ತಲೆ ಕೆಡಿಸಿಕೊಂಡಿದ್ದರಂತೆ. ಈಗ 612ರಲ್ಲಿ ಮೀಡಿಯಂ ವೇವ್‌ನ ಮಾಮೂಲಿ ಕೊರೆತದ ಸದ್ದು ಬಿಟ್ಟರೆ ಬೇರೇನಿಲ್ಲ.

ವಾಲ್ಯೂಮ್‌ನ ಕರಕರಕ್ಕೆ ಮನೆಯಲ್ಲಿರುವ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬಹುದೇ? ಕ್ಯಾಸೆಟ್ ಭಾಗಕ್ಕೆ ಏನು ಮಾಡಲಿ?

ಸೀರೀಸ್ ಬಲ್ಬ್, ಕುಶಾಲನಗರ

ಆ ಎಣ್ಣೆ ಬೇಡ. ಇವತ್ತು ಕರಕರ ನಿಲ್ಲಿಸಿ ನಾಳೆ ಧೂಳು ಹಿಡಿದಿಡುತ್ತದೆ, ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರನ್ನು ವಾಲ್ಯೂಮ್ ಪಾಟ್‌ನ (ಗುಂಡಿಯ ಹಿಂದೆ ತಿರುಗುವ ಭಾಗ) ಸಂದಿಗೆ ಒಂದು ಚಿಮುಕು ಹೊಡೆದು, ಸೆಟ್ ಆರಿಸಿಟ್ಟು, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಿರಿ.

ಮೋಟಾರ್ ತಿರುಗಿ ಚಕ್ರ ತಿರುಗದಿದ್ದರೆ ಬೆಲ್ಟ್ ಹೋಗಿದೆ. ಬಹುಶಃ ಡಾಂಬರಿನಂತೆ ಕರಗಿ ಮೋಟಾರಿನ ಗಾಲಿಗೆ ಮೆತ್ತಿಕೊಂಡಿರುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಬಟ್ಟೆಗೆ ತಾಗಿದರೆ ಹೋಗುವುದಿಲ್ಲ. ಹೊಸ ಬೆಲ್ಟಿನ ಅಳತೆಗೆ ಗಾಲಿಗಳ ಸುತ್ತ ದಾರ ಸುತ್ತಿ ಉದ್ದ ನೋಡಿ, ಅದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕದು ತೆಗೆದುಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆ ಹೋಗುವವರಿದ್ದರೆ ಹೇಳಿ ಕಳುಹಿಸಿ.

ಹಳೆ ಡಬ್ಬ, ಗೋಣಿಕೊಪ್ಪ

ಬೇಲಿಯ ವಿಷಯ ನನಗೂ ಹೊಸದು. ನಮ್ಮ ಮನೆಯ ರೇಡಿಯೊಗೂ ಇದೇ ಕಾಯಿಲೆ ಇದೆ, ನೋಡುತ್ತೇನೆ.

ಅಜ್ಜನ ಕ್ಯಾಸೆಟ್ ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ಕೊಡಗಿನ ಮಳೆಗಾಲ ಕಂಡ ಪೆಟ್ಟಿಗೆಯಲ್ಲವೇ, ಸುರುಳಿಯ ಅಂಚಿನಲ್ಲಿ ಬಿಳಿ ಬೂಸ್ಟು ಹಿಡಿದಿರುತ್ತದೆ. ಅಂಥದ್ದನ್ನು ಹಾಗೆಯೇ ನುಡಿಸಿದರೆ ಬೂಸ್ಟು ಟೇಪ್ ಓದುವ ಹೆಡ್‌ಗೆ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಒಳ್ಳೆಯವನ್ನು ಬೇರೆ ಮಾಡಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಒಲೆಯ ಮೇಲಿನ ಅಟ್ಟ ಕರಿಮೆಣಸಿಗೆ ಸರಿ, ಟೇಪಿಗೆ ಸರಿಯಲ್ಲ.

ಮುಂದಿನ ಸಲ ಗುಜರಿಗೆ ಹೋಗುವಾಗ ಸೆಲ್‌ಗಳನ್ನೂ, ಹಾಳಾದರೂ ಚಿಂತೆಯಿಲ್ಲದ ಒಂದು ಕ್ಯಾಸೆಟ್ಟನ್ನೂ ಚೀಲದಲ್ಲಿಟ್ಟುಕೊಂಡು ಹೋಗಿ. ಅಂಗಡಿಯವರು ‘ಮನೆಗೆ ಹೋಗಿ ನೋಡಿ’ ಎನ್ನುತ್ತಾರೆ, ಅಲ್ಲೇ ನೋಡಬೇಕು. ನಾನು ಮೊದಲು ತೆಗೆಯುವುದು ಸೆಲ್ ಮುಚ್ಚಳ. ಸ್ಪ್ರಿಂಗ್ ಮಾತ್ರ ತುಕ್ಕಾಗಿದ್ದರೆ ಉಜ್ಜಿದರೆ ಸಾಕು. ಸೆಲ್ ಸೋರಿ ವಯರಿನ ಒಳಗೂ ಹಸಿರು ಹತ್ತಿದ್ದರೆ ಅದು ಬೋರ್ಡಿನವರೆಗೂ ಹೋಗಿರುತ್ತದೆ. 100 ರೂಪಾಯಿಗೆ ಕೊಟ್ಟರೂ ನಾನು ಮುಟ್ಟುವುದಿಲ್ಲ.

ತೋಟದಮನೆ, ಸಿದ್ದಾಪುರ

ಬೆಲ್ಟ್ ನಿಜಕ್ಕೂ ಡಾಂಬರಾಗಿದೆ, ಬೆರಳೆಲ್ಲ ಕಪ್ಪು. ದಾರದಲ್ಲಿ ಅಳೆದರೆ 21 ಸೆಂಟಿಮೀಟರ್ ಬಂತು, ಹಾಗಾದರೆ 20ರದ್ದು ಸರಿಯೇ? ಚೌಕ ಬೆಲ್ಟೋ, ಚಪ್ಪಟೆಯೋ?

ಸೀರೀಸ್ ಬಲ್ಬ್, ಕುಶಾಲನಗರ

20 ಸರಿ. ಮೋಟಾರಿನ ಗಾಲಿಯ ಕಚ್ಚು ‘ವಿ’ ಆಕಾರದಲ್ಲಿದ್ದರೆ ಚೌಕ, ಅಗಲವಾಗಿ ಸಪಾಟಾಗಿದ್ದರೆ ಚಪ್ಪಟೆ. ಕಚ್ಚಿನ ಫೋಟೊ ಹಾಕಿ, ನೋಡಿ ಹೇಳುತ್ತೇನೆ.