ಬಿಗ್ ಟೆನ್ ಬಾಸ್ಕೆಟ್‌ಬಾಲ್: ಕೆಲವರ ಜೊತೆ ಎರಡು ಸಲ, ಕೆಲವರ ಜೊತೆ ಒಂದೇ ಸಲ, ಇದು ನ್ಯಾಯನಾ?

ಮಿಶಿಗನ್_ಮೈಸೂರಿಗ:
ನಾನು ಮಿಶಿಗನ್ ಫ್ಯಾನ್, ಪಕ್ಷಪಾತ ಇದ್ದೇ ಇದೆ, ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಬಿಗ್ ಟೆನ್ ಅನ್ನೋದು ಒಂದು ಕಾನ್ಫರೆನ್ಸ್, ಅಂದರೆ ಲೀಗ್ ಇದ್ದಂಗೆ. ಅದರಲ್ಲಿ 2024ರಿಂದ 18 ತಂಡಗಳು. ಆದರೆ ಒಬ್ಬೊಬ್ಬರಿಗೆ ಕಾನ್ಫರೆನ್ಸ್ ಮ್ಯಾಚ್ 20 ಮಾತ್ರ. ಮೂರು ತಂಡಗಳ ಜೊತೆ ಎರಡೆರಡು ಸಲ, ಉಳಿದ 14ರ ಜೊತೆ ಒಂದೇ ಸಲ, ಅದರಲ್ಲೂ ಏಳು ನಮ್ಮ ಅಂಗಳದಲ್ಲಿ, ಏಳು ಅವರ ಅಂಗಳದಲ್ಲಿ. 2024-25ರಲ್ಲಿ ನಮ್ಮ ಪಕ್ಕದ ಮಿಶಿಗನ್ ಸ್ಟೇಟ್ 17-3 (17 ಗೆಲುವು, 3 ಸೋಲು) ಮಾಡಿ ಮೊದಲು ಬಂತು. ಮಿಶಿಗನ್, ಮೇರಿಲ್ಯಾಂಡ್ ಎರಡೂ 14-6. ಆದರೆ ನಮ್ಮವರ ಆರು ಸೋಲಿನಲ್ಲಿ ಎರಡು ಆ ಚಾಂಪಿಯನ್ ಕೈಯಲ್ಲೇ ಆಗಿದ್ದು. ಮೇರಿಲ್ಯಾಂಡ್ ಅವರನ್ನು ಎದುರಿಸಿದ್ದು ಒಂದೇ ಸಲ. ಇಬ್ಬರೂ ಸಮ ಅಂತ ಹೇಗೆ ಹೇಳೋದು?

ಡಂಕ್_ದಾಸಪ್ಪ:
ಗುರು, ಆ ಒಂದು ಸಲ ಏನಾಯ್ತು ಅಂತ ನೋಡಿದ್ದೀರಾ? 55-55, ಟೈಮ್ ಮುಗಿಯುತ್ತಾ ಬಂದಿದೆ, ಮಿಶಿಗನ್ ಸ್ಟೇಟ್‌ನ ಟ್ರೆ ಹಾಲಮನ್ ಅರ್ಧ ಕೋರ್ಟಿನಿಂದ ಸುಮ್ನೆ ಎಸೆದಂಗೆ ಎಸೆದ, ಬಾಲು ಸೀದಾ ಬುಟ್ಟಿಯೊಳಗೆ, 58-55, ಮೇರಿಲ್ಯಾಂಡ್ ಜನ ತಲೆ ಮೇಲೆ ಕೈ ಹೊತ್ತುಕೊಂಡರು. ಸುಲಭದ ವೇಳಾಪಟ್ಟಿ ಅನ್ನಬೇಡಿ. ಅದೂ ಅಲ್ಲದೆ ಮೇರಿಲ್ಯಾಂಡ್‌ನವರು ನಿಮ್ಮ ಊರು ಆನ್ ಆರ್ಬರ್‌ಗೇ ಬಂದು ನಿಮ್ಮನ್ನು 71-65ರಲ್ಲಿ ಸೋಲಿಸಿ ಹೋದರು. ಸೀಸನ್ ಕೊನೆಯ ಕಾನ್ಫರೆನ್ಸ್ ಟೂರ್ನಮೆಂಟಿಗೆ ಎರಡನೇ ಸೀಡ್ (ಶ್ರೇಯಾಂಕ) ಅವರಿಗೆ ಸಿಕ್ಕಿದ್ದರಲ್ಲಿ ತಪ್ಪೇನಿದೆ?

ಲೆಕ್ಕದ_ಮೇಷ್ಟ್ರು:
ತಪ್ಪು ವೇಳಾಪಟ್ಟಿ ಮಾಡುವವರದ್ದಲ್ಲ. 18 ತಂಡ ಎಲ್ಲರ ಜೊತೆ ಎರಡು ಸಲ ಆಡಬೇಕು ಅಂದರೆ 34 ಮ್ಯಾಚ್ ಬೇಕು. ಟೂರ್ನಮೆಂಟ್ ಬಿಟ್ಟರೆ ಇಡೀ ಸೀಸನ್ನಿಗೆ ಇರೋದೇ 30 ಚಿಲ್ಲರೆ. ಬೇರೆ ಕಾನ್ಫರೆನ್ಸ್ ನೋಡಿ: ಬಿಗ್ ಈಸ್ಟ್‌ನಲ್ಲಿ 11 ತಂಡ, 20 ಮ್ಯಾಚ್, ಎಲ್ಲರೂ ಎಲ್ಲರ ಊರಿಗೂ ಹೋಗುತ್ತಾರೆ. ಐವಿ ಲೀಗ್‌ನಲ್ಲಿ 8 ತಂಡ, 14 ಮ್ಯಾಚ್, ಅಲ್ಲೂ ಅಷ್ಟೇ. ಬಿಗ್ 12 ಕೂಡ ಹತ್ತೇ ತಂಡ ಇದ್ದಾಗ ಹಾಗೇ ಆಡುತ್ತಿತ್ತು. ಅಮೆರಿಕನ್ ಫುಟ್‌ಬಾಲ್‌ನ ಟಿವಿ ದುಡ್ಡಿಗೋಸ್ಕರ ಲಾಸ್ ಏಂಜಲೀಸ್‌ನಿಂದ ನ್ಯೂಜೆರ್ಸಿವರೆಗೆ ಒಂದೇ ಕಾನ್ಫರೆನ್ಸ್ ಮಾಡಿದರು, ಪಾಪ ಬಾಸ್ಕೆಟ್‌ಬಾಲ್ ಅದರ ಹಿಂದೆ ಎಳೆದುಕೊಂಡು ಹೋಯಿತು. ಇಂಡಿಯಾನಾ-ಪರ್ಡ್ಯೂ ಥರದ ಹಳೇ ಜಿದ್ದಿನ ಜೋಡಿಗಳನ್ನು ಬಿಡೋಕೂ ಆಗಲ್ಲ. ಹಾಗಾಗಿ ಪಕ್ಕದ ಮನೆಯವನು ಗಟ್ಟಿಗನಾಗಿದ್ದರೆ ವರ್ಷಾ ವರ್ಷಾ ಎರಡು ಏಟು ಗ್ಯಾರಂಟಿ.

ಕೋರ್ಟ್_ಕೆಂಪಣ್ಣ:
ನಮ್ಮ ಐಪಿಎಲ್ ಕೂಡ 2022ರಿಂದ ಹೀಗೇ ಅಲ್ವಾ, ಐದು ತಂಡದ ಜೊತೆ ಎರಡು ಸಲ, ನಾಲ್ಕರ ಜೊತೆ ಒಂದು ಸಲ. ನನಗನ್ನಿಸೋದು, ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಮಂಡಳಿ) ರಾಷ್ಟ್ರೀಯ ಟೂರ್ನಮೆಂಟಿಗೆ ತಂಡ ಆರಿಸುವಾಗ ಇದರಿಂದ ಅಷ್ಟು ನಷ್ಟ ಇಲ್ಲ. ಅಲ್ಲಿ ತಂಡಗಳ ಬಲ ಅಳೆಯುವ ನೆಟ್ ರ‍್ಯಾಂಕಿಂಗ್ ನೋಡುತ್ತಾರೆ, ಯಾರ ಜೊತೆ, ಎಲ್ಲಿ ಆಡಿದ್ದು ಅನ್ನೋದೆಲ್ಲ ಲೆಕ್ಕಕ್ಕೆ ಬರುತ್ತದೆ. ಆ ಪಟ್ಟಿಯ ಮೊದಲ 75ರೊಳಗಿನ ತಂಡವನ್ನು ಅವರ ಊರಲ್ಲೇ ಸೋಲಿಸಿದರೆ ಅದು ಕ್ವಾಡ್ 1, ಅಂದರೆ ಮೇಲಿನ ದರ್ಜೆಯ ಗೆಲುವು. ಕಾನ್ಫರೆನ್ಸ್ ಪಟ್ಟಿಗೆ ಮಾತ್ರ ಈ ಬುದ್ಧಿ ಇಲ್ಲ, ಬರೀ ಗೆಲುವು ಸೋಲು ಎಣಿಸುತ್ತದೆ. 2025ರಲ್ಲಿ ಆ ಪಟ್ಟಿಯ ಮೊದಲ ನಾಲ್ವರಿಗೆ ಡಬಲ್ ಬೈ ಇತ್ತು, ಅಂದರೆ ಎರಡು ಸುತ್ತು ಆಡದೆ ಸೀದಾ ಕ್ವಾರ್ಟರ್ ಫೈನಲ್. ಕೊನೆಯ ಮೂರು ತಂಡಗಳಿಗೆ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಆ ಕಾನ್ಫರೆನ್ಸ್ ಟೂರ್ನಮೆಂಟಿಗೆ ಪ್ರವೇಶವೇ ಇರಲಿಲ್ಲ. ಅನ್ಯಾಯ ಆಗೋದು ಅಲ್ಲಿ, ಎರಡನೇದೋ ಮೂರನೇದೋ ಅನ್ನೋದರಲ್ಲಿ ಅಲ್ಲ.

ಡಂಕ್_ದಾಸಪ್ಪ:
ಕೊನೆಗೆ ನೀವು ಮಿಶಿಗನ್‌ನವರೇ ಆ ಟೂರ್ನಮೆಂಟಿನ ಸೆಮಿಫೈನಲ್‌ನಲ್ಲಿ ಮೇರಿಲ್ಯಾಂಡ್‌ನ 81-80ರಲ್ಲಿ ಸೋಲಿಸಿ ಕಪ್ಪೂ ಹೊತ್ತುಕೊಂಡು ಹೋದಿರಿ. ಇನ್ನೇನು ಬೇಕು ಸ್ವಾಮಿ?

ಮಿಶಿಗನ್_ಮೈಸೂರಿಗ:
ಕಪ್ ಬಂತು ಅಂದ ಮಾತ್ರಕ್ಕೆ ಪದ್ಧತಿ ಸರಿ ಅಂತ ಆಗಲ್ಲ. ಕೆಂಪಣ್ಣ ಹೇಳಿದ್ದು ಒಪ್ಪುತ್ತೇನೆ. ಸಮ ಆದಾಗ ಪರಸ್ಪರ ಆಡಿದ ಮ್ಯಾಚ್ ನೋಡಲಿ, ಬೇಡ ಅನ್ನಲ್ಲ, ಆದರೆ ಎರಡೂ ಊರಲ್ಲಿ ಆಡಿದ್ದರೆ ಮಾತ್ರ. ಒಂದೇ ಸಲ ಆಡಿದ್ದರೆ ಯಾರ ಎದುರಾಳಿಗಳು ಗಟ್ಟಿ ಅಂತ ನೋಡಿ ಸೀಡ್ ಕೊಡಲಿ.